ಮಳೆ ಮೊದಲೇ ಹಿಡಿದ ವರ್ಷ ಹಿತ್ತಲ ತರಕಾರಿ: ಎಲ್ಲಿ ತಪ್ಪಿತು ಎಂದು ಹುಡುಕುವ ಬಗೆ

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಿತ್ತಲಿಗೆ ಅದಕ್ಕೂ ಮುಂಚೆಯೇ ಅಡ್ಡಮಳೆ ಹಿಡಿದಿತ್ತು. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಸೌತೆ, ಬೆಂಡೆ, ಹೀರೆ ಬೀಜ ನೆಲ ಸೇರಿರಬೇಕು ಅನ್ನುವುದು ನಮ್ಮ ಮನೆಯ ರೂಢಿ. ಆ ವರ್ಷ ರೋಹಿಣಿ ಹುಟ್ಟುವಾಗ ಮಡಿಯಲ್ಲಿ ಕಪ್ಪೆ ಕೂಗುತ್ತಿದ್ದವು. ನಾನು ಮೂರು ಸಲ ಬೀಜ ಹಾಕಿದೆ, ಎರಡು ಸಲ ಹೋಯಿತು. ಎರಡು ಸಲವೂ ಮಳೆಯನ್ನು ಬೈದೆ. ಮೂರನೇ ಸಲ ಬೀಜ ಕೆದಕಿ ನೋಡಿದ ಮೇಲೆ ಗೊತ್ತಾಯಿತು, ತಪ್ಪು ಮಾಡಿದ್ದು ನನ್ನ ಕಾಲು ಮತ್ತು ಗುದ್ದಲಿ ಎಂದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಂಪು ದೇಶಗಳಲ್ಲಿ ಮಳೆಯ ವಸಂತ ಬಂದರೆ ಮಣ್ಣು ಬೆಚ್ಚಗಾಗುವುದಿಲ್ಲ, ಬೀಜ ಚಳಿಗೆ ಹುಟ್ಟುವುದಿಲ್ಲ. ನಮ್ಮಲ್ಲಿ ಮೇ ತಿಂಗಳ ಮಣ್ಣಿಗೆ ಕಾವು ಸಾಕಷ್ಟಿರುತ್ತದೆ. ಇಲ್ಲಿ ಕಡಿಮೆ ಬೀಳುವುದು ಗಾಳಿ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲೆಲ್ಲ ನೀರು ತುಂಬಿಕೊಂಡರೆ ಬೀಜಕ್ಕೂ ಬೇರಿಗೂ ಉಸಿರುಕಟ್ಟುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಇದೊಂದರಿಂದಲೇ ಹುಟ್ಟಿದವು.

ಮಳೆ ಬಿಟ್ಟು ಎರಡು ದಿನವಾಯಿತು, ಮೇಲೆ ಒಣಗಿದಂತಿದೆ. ಅಗೆಯಬಹುದೇ?

ಕಣ್ಣಿಗೆ ಕಾಣುವ ಮೇಲ್ಮಣ್ಣನ್ನು ನಂಬಬೇಡಿ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಬೆರಳ ಸಂದಿಯಿಂದ ನೀರು ಒಸರಿದರೆ, ಅಥವಾ ಮುಷ್ಟಿ ಬಿಚ್ಚಿದಾಗ ಮಣ್ಣು ಮಿರಮಿರ ಮಿಂಚುತ್ತ ಅಂಗೈಗೆ ಮೆತ್ತಿಕೊಂಡರೆ, ಅಂದು ಗುದ್ದಲಿ ಮುಟ್ಟುವ ದಿನವಲ್ಲ. ಉಂಡೆ ಕಟ್ಟಿತು, ಹೆಬ್ಬೆರಳಿಂದ ಒತ್ತಿದರೂ ಒಡೆಯದೆ ತಗ್ಗು ಬಿತ್ತು ಅಂದರೆ ಇನ್ನೂ ಎರಡು ಮೂರು ದಿನ ಕಾಯಿರಿ. ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಟ್ಟಾಗ ಪುಡಿಪುಡಿಯಾಗಿ ಚೆದುರಿದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ಬೀಜ ಹಾಕಿದ ಮೇಲೆ ನೀರು ಕೊಡಬೇಕಾದೀತು. ಮಳೆ ಹಿಡಿದ ವರ್ಷ ಆ ಚಿಂತೆ ನಿಮಗೆ ಬರಲಿಕ್ಕಿಲ್ಲ.

ನಮ್ಮ ಅತ್ತೆಯದು ಇದಕ್ಕಿಂತ ಸಣ್ಣ ಪರೀಕ್ಷೆ: "ಮಣ್ಣು ಕೈಗೆ ಮೆತ್ತಿದ್ರೆ ಕೈ ತೊಳ್ಕಂಡು ಒಳಗೆ ಬಾ."

ಹಸಿ ಮಣ್ಣು ಅಗೆದರೆ ಏನಾಗುತ್ತದೆ ಎಂದು ಕೇಳುವವರಿಗೆ: ಗುದ್ದಲಿಯ ಬಾಯಿ ತಾಗಿದಲ್ಲೆಲ್ಲ ಜೇಡಿ ಸವರಿದಂತೆ ನುಣುಪಾಗುತ್ತದೆ, ಸಂದಿಗಳು ಮುಚ್ಚಿಹೋಗುತ್ತವೆ. ಬಿಸಿಲು ಬಿದ್ದಾಗ ಅದೇ ಹೆಂಟೆಗಳು ಇಟ್ಟಿಗೆಯಾಗುತ್ತವೆ. ಆ ಒಂದು ದಿನದ ಕೆಲಸಕ್ಕೆ ಇಡೀ ಮಳೆಗಾಲ ದಂಡ ತೆರಬೇಕು. ನಡೆದಾಡುವುದೂ ಅಷ್ಟೇ ಕೆಟ್ಟದ್ದು. ಮಡಿಯ ಮೇಲೆ ಹೋಗಲೇಬೇಕಾದರೆ ಒಂದು ಹಲಗೆಯನ್ನೋ ಎರಡು ಅಡಿಕೆ ದಬ್ಬೆಯನ್ನೋ (ಸೀಳಿದ ಅಡಿಕೆ ಮರ) ಹಾಕಿ ಅದರ ಮೇಲೆ ನಿಲ್ಲಿ, ಭಾರ ಹಂಚಿಹೋಗುತ್ತದೆ.

ಕಾಯುವ ದಿನಗಳಲ್ಲಿ ಕೈ ಕಟ್ಟಿ ಕೂರಬೇಕಾಗಿಲ್ಲ. ಅಡಿಕೆ ಹಾಳೆಯ ಕೊಟ್ಟೆ, ತೆಂಗಿನ ಚಿಪ್ಪು, ಹಾಲಿನ ಪ್ಯಾಕೆಟ್, ಏನಿದ್ದರೂ ಸರಿ, ತಳಕ್ಕೆ ತೂತು ಮಾಡಿ ಜರಡಿ ಹಿಡಿದ ಗೊಬ್ಬರ ಮತ್ತು ಒಣ ಮಣ್ಣು ತುಂಬಿ ಜಗಲಿಯ ಅಂಚಿನಲ್ಲಿ ಸಸಿ ಎಬ್ಬಿಸಿ. ಸೌತೆ, ಹೀರೆ, ಹಾಗಲ ಇವಕ್ಕೆಲ್ಲ ಬೇರು ಅಲುಗಿದರೆ ಆಗುವುದಿಲ್ಲ. ಎರಡು ನಿಜ ಎಲೆ ಬಂದ ಮೇಲೆ ಕೊಟ್ಟೆಯ ತಳ ಸೀಳಿ ಹಾಗೆಯೇ ಇಳಿಸಿದರೆ ಅವಕ್ಕೆ ಜಾಗ ಬದಲಾದದ್ದೇ ಗೊತ್ತಾಗುವುದಿಲ್ಲ.

ಅಂಗಳ ಒಣಗಿತು, ಮಡಿಯಲ್ಲಿ ಮಾತ್ರ ನೀರು ನಿಂತೇ ಇದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಮಳೆ ಸುರಿಯುವಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹತ್ತು ನಿಮಿಷ ನೋಡಿ. ಪಕ್ಕದ ಮನೆಯವರು "ಅಕ್ಕಾ, ನಮ್ಮ ಹರಿವೆ ಮಡಿ ಒಣಗೋದೇ ಇಲ್ಲ, ಮಣ್ಣೇ ಸರಿ ಇಲ್ಲ ಕಾಣ್ತದೆ" ಎಂದು ಎರಡು ವರ್ಷ ಗೋಳಾಡಿದರು. ಹೋಗಿ ನೋಡಿದರೆ ಬಚ್ಚಲುಮನೆಯ ಸೂರಿನ ನೀರೆಲ್ಲ ಮಡಿಯ ತಲೆಗೇ ಬೀಳುತ್ತಿತ್ತು. ಅಡಿಕೆ ಮರದ ದೋಣಿಯೊಂದನ್ನು ಸೂರಿನಡಿ ಕಟ್ಟಿದ ಮೇಲೆ ಆ ಮಣ್ಣು ತಾನಾಗಿಯೇ ಸರಿಹೋಯಿತು.

ಹೊರನೀರು ಬರುತ್ತಿಲ್ಲ ಎಂದಾದರೆ ಗುಂಡಿ ಪರೀಕ್ಷೆ. ಮಳೆ ಬಿಡುವು ಕೊಟ್ಟ ದಿನ ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಕಡ್ಡಿ ನೆಟ್ಟು ಗುರುತು ಹಾಕಿ, ಒಂದು ತಾಸು ಬಿಟ್ಟು ಅಳೆಯಿರಿ. ತಾಸಿಗೆ 1ರಿಂದ 3 ಇಂಚು ಇಳಿದರೆ ಮಣ್ಣು ಚೆನ್ನಾಗಿಯೇ ಬಸಿಯುತ್ತಿದೆ, ಎರಡು ದಿನ ಹೊಳವಾದರೆ, ಅಂದರೆ ಮಳೆ ಬಿಟ್ಟರೆ, ಹದ ಬರುತ್ತದೆ. ಒಂದು ಇಂಚಿಗಿಂತ ಕಡಿಮೆ ಇಳಿದರೆ ಸಮತಟ್ಟು ಮಡಿಯ ಆಸೆ ಬಿಡಿ.

ಗುಂಡಿಗೆ ನೀವು ನೀರು ಹಾಕುವ ಮೊದಲೇ ತಳದಿಂದ ನೀರು ಏರಿ ಬಂದರೆ ಅದು ಜಲ. ಅಂತರ್ಜಲವೇ ಮೇಲೆ ಬಂದಿದೆ, ಗೊಬ್ಬರ ಮರಳು ಏನು ಹಾಕಿದರೂ ಅದು ಇಳಿಯುವುದಿಲ್ಲ. ಆ ಜಾಗವನ್ನು ಮಳೆಗಾಲದ ಮಟ್ಟಿಗೆ ಕೆಸುವಿಗೆ ಬಿಟ್ಟು ತರಕಾರಿಯನ್ನು ಎತ್ತರಕ್ಕೆ ಒಯ್ಯಿರಿ.

ಜೆಸಿಬಿ ತಂದು ಸಮ ಮಾಡಿಸಿದ ಹಿತ್ತಲು, ಹೊಸ ಬಡಾವಣೆಯ ಸೈಟು ಆಗಿದ್ದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಸಣ್ಣ ಹಾರೆಯನ್ನು ನಾಲ್ಕೈದು ಕಡೆ ಒತ್ತಿ ನೋಡಿ. ಎಲ್ಲ ಕಡೆಯೂ ಒಂದೇ ಆಳದಲ್ಲಿ ಠಕ್ಕೆಂದು ನಿಂತರೆ ಕೆಳಗೆ ಗಟ್ಟಿ ಪದರವಿದೆ, ಅಥವಾ ಕಟ್ಟಡದ ಜಲ್ಲಿ ಸಿಮೆಂಟು ಹೂತಿದೆ. ಅದನ್ನು ಒಡೆಯುವುದು ಬೇಸಿಗೆಯ ಕೆಲಸ. ಈಗ ಮಡಿಯನ್ನು ಮೇಲೆತ್ತುವುದೊಂದೇ ದಾರಿ.

ಏರುಮಡಿ ಮೂರಡಿ ಅಗಲ ಸಾಕು, ಎರಡು ಕಡೆಯಿಂದಲೂ ಕೈ ಎಟುಕಬೇಕು. ಎತ್ತರ ಮಲೆನಾಡಿಗಾದರೆ ಒಂದಡಿ, ಬಯಲುಸೀಮೆಗೆ ಅದರ ಅರ್ಧ. ಬದಿ ಜರಿಯದಂತೆ ಅಡಿಕೆ ದಬ್ಬೆ ಕೊಡಿ. ನಡುವಿನ ಬಸಿಗಾಲುವೆ ಮಡಿಯ ತಳಕ್ಕಿಂತ ಕೆಳಗಿರಬೇಕು, ಅದಕ್ಕೊಂದು ಹೊರದಾರಿಯೂ ಇರಬೇಕು. ಹೊರದಾರಿ ಇಲ್ಲದ ಬಸಿಗಾಲುವೆ ಬರೀ ಉದ್ದದ ಕೆರೆ. ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ, ಸುಡುಮಣ್ಣು ಬೆರೆಸಿ. ಜೇಡಿಗೆ ನಾಲ್ಕು ಬುಟ್ಟಿ ಮರಳು ಹಾಕಿದರೆ ಸಡಿಲವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸ್ವಲ್ಪ ಮರಳು ಬಿದ್ದ ಜೇಡಿ ಇನ್ನೂ ಗಟ್ಟಿಯಾಗುತ್ತದೆ, ಆ ದುಡ್ಡನ್ನು ಗೊಬ್ಬರಕ್ಕೆ ಹಾಕಿ.

ಇಲ್ಲಿ ಒಂದು ಕಡೆ ಕಡ್ಡಾಯವಾಗಿ ನಿಲ್ಲಬೇಕು. ಹಿತ್ತಲು ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲಿದ್ದರೆ, ಧರೆಯ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ, ಅಲ್ಲಿನ ಮರ ಬಾಗಿದ್ದರೆ, ಬುಡದಲ್ಲಿ ಹೊಸದಾಗಿ ಕೆಂಪು ನೀರು ಒಸರುತ್ತಿದ್ದರೆ ಗುದ್ದಲಿ ಕೆಳಗಿಡಿ. ಧರೆಯ ಬುಡ ಕಡಿದು ಕಾಲುವೆ ತೆಗೆಯುವುದೆಂದರೆ ಅದರ ಕಾಲು ಕಡಿದಂತೆ. ಮನೆಯವರನ್ನು ಆ ಕಡೆಯ ಕೋಣೆಗಳಿಂದ ದೂರವಿಟ್ಟು ಗ್ರಾಮ ಪಂಚಾಯಿತಿಗೆ ತಿಳಿಸಿ.

ಬೀಜ ಹಾಕಿ ಹತ್ತು ದಿನ, ಒಂದೂ ಹುಟ್ಟಿಲ್ಲ

ಮೊದಲು ದಿನ ಎಣಿಸಿ. ಹರಿವೆ ನಾಲ್ಕೈದು ದಿನಕ್ಕೆ, ಸೌತೆ ಆರರೊಳಗೆ, ಬೆಂಡೆ ಸುಮಾರು ಒಂದು ವಾರಕ್ಕೆ ತಲೆ ಎತ್ತುತ್ತವೆ. ಹಾಗಲ, ಬದನೆ, ಮೆಣಸು ಹತ್ತು ಹನ್ನೆರಡು ದಿನ ತೆಗೆದುಕೊಂಡರೆ ಗಾಬರಿಯಾಗಬೇಡಿ.

ದಿನ ಮೀರಿದೆಯೇ? ಮತ್ತೆ ಬೀಜ ಸುರಿಯುವ ಮೊದಲು ಒಂದೆರಡನ್ನು ಬೆರಳಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ನಾನು ಎರಡು ಸಲ ಮಾಡದೆ ಬಿಟ್ಟ ಕೆಲಸ ಇದೇ. ಬೀಜವೇ ಎಲ್ಲ ಹೇಳುತ್ತದೆ.

ಒತ್ತಿದರೆ ಪಿಚಕ್ಕೆಂದು ಕೀವಿನಂಥದ್ದು ಬಂದು ವಾಸನೆ ಹೊಡೆದರೆ ಉಸಿರುಕಟ್ಟಿ ಕೊಳೆತಿದೆ. ಅದೇ ಜಾಗದಲ್ಲಿ ಮತ್ತೆ ಹಾಕಿದರೂ ಅದೇ ಗತಿ, ಮೊದಲು ಮಡಿ ಎತ್ತರಿಸಿ. ಮುಂದಿನ ಸಲ ಬೀಜವನ್ನು ಅದರ ದಪ್ಪದ ಎರಡು ಪಟ್ಟು ಆಳಕ್ಕೆ ಮಾತ್ರ ಇಟ್ಟು ಮೇಲೆ ಮಣ್ಣಿನ ಬದಲು ಜರಡಿ ಗೊಬ್ಬರ ಉದುರಿಸಿ.

ಬೀಜ ಗಟ್ಟಿಯಾಗಿ ಹಾಕಿದ ಹಾಗೆಯೇ ಇದ್ದರೆ ಸಿಪ್ಪೆ ನೀರು ಹಿಡಿದಿಲ್ಲ. ಹಾಗಲ, ಪಡುವಲಕ್ಕೆ ಇದು ಸಹಜ. ಒಂದು ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿ. ಒಂದು ರಾತ್ರಿ ಅಂದರೆ ಒಂದೇ ರಾತ್ರಿ, ಮರೆತು ಎರಡು ದಿನ ಬಿಟ್ಟರೆ ಪಾತ್ರೆಯಲ್ಲೇ ಕೊಳೆಯುತ್ತದೆ.

ಮೊಳಕೆ ಒಡೆದಿದೆ, ಆದರೆ ಮಣ್ಣಿನಡಿ ಡೊಂಕಾಗಿ ಸುತ್ತಿಕೊಂಡಿದೆ ಎಂದಾದರೆ ಮೇಲೆ ಹೆಪ್ಪುಗಟ್ಟಿದೆ. ರಭಸದ ಮಳೆ ನುಣ್ಣನೆಯ ಬರಿಮಣ್ಣನ್ನು ಬಡಿದು ರೊಟ್ಟಿಯಂತೆ ಮಾಡಿರುತ್ತದೆ. ಹಿಡಿಕಡ್ಡಿಯಿಂದ ಹಗುರಾಗಿ ಕೆರೆದರೆ ಎಷ್ಟೋ ಮೊಳಕೆ ಉಳಿಯುತ್ತವೆ.

ಬೀಜವೇ ಕಾಣದಿದ್ದರೆ ಇರುವೆ, ಇಲಿ, ಹಕ್ಕಿ ಅಥವಾ ಹರಿದ ನೀರು. ಮಡಿಯ ಕೆಳಬದಿಯ ಕಾಲುವೆಯಲ್ಲಿ ಹರಿವೆ ಗುಂಪಾಗಿ ಹುಟ್ಟಿದ್ದರೆ ಕಳ್ಳ ಯಾರೆಂದು ತಿಳಿಯಿತು. ಇರುವೆ ಕಾಟಕ್ಕೆ ಹರಿವೆ ಬೀಜವನ್ನು ಅಕ್ಕಿ ರವೆಯ ಜೊತೆ ಕಲಸಿ ಹಾಕುವುದು ಹಳೆಯ ಉಪಾಯ. ಇರುವೆ ರವೆ ಹೊರುತ್ತದೆ, ಬೀಜ ಉಳಿಯುತ್ತದೆ. ಬೀಜ ಒತ್ತೊತ್ತಾಗಿ ಬೀಳದಿರುವುದು ಅದರ ಮೇಲಿನ ಲಾಭ.

ಈ ಯಾವುದೂ ಅಲ್ಲವಾದರೆ ಬೀಜದ ಮೇಲೆಯೇ ಅನುಮಾನ ಪಡಿ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಆ ತರಕಾರಿಗೆ ಬೇಕಾದಷ್ಟು ದಿನ ಅಡುಗೆಮನೆಯಲ್ಲಿಡಿ. ಏಳಕ್ಕಿಂತ ಹೆಚ್ಚು ಮೊಳೆತರೆ ಬೀಜ ಚೆನ್ನಾಗಿದೆ. ಐದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ಹುಡುಕಿ. ಸೌತೆ ಬೀಜವನ್ನು ಸಗಣಿ ಬೂದಿಯಲ್ಲಿ ಗೋಡೆಗೆ ಮೆತ್ತಿಡುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ, ಅಡ್ಡಮಳೆಯ ಇರುಚಲು ಆ ಗೋಡೆಗೆ ಹೊಡೆದಿದೆಯೇ ನೋಡಿ. ನಮ್ಮಲ್ಲಿ ಹಾಗೆಯೇ ಆಗಿತ್ತು.

ಹುಟ್ಟಿದ ಸಸಿ ಬೆಳಗಾಗುವಾಗ ಮಲಗಿದೆ

ಇಲ್ಲಿ ಅವಸರದಲ್ಲಿ ಔಷಧ ಹೊಡೆಯುವವರೇ ಹೆಚ್ಚು. ಬಗ್ಗಿ ಬುಡ ನೋಡಿ.

ಬುಡ ನೀರು ಕುಡಿದಂತೆ ಕಂದಿ, ದಾರದಷ್ಟು ಸಣ್ಣಗಾಗಿ, ಎಲೆ ಇನ್ನೂ ಹಸಿರಿರುವಾಗಲೇ ಸಸಿ ಮಲಗಿದ್ದರೆ ಅದು ಸಸಿ ಕೊಳೆ. ಪಿಥಿಯಮ್, ರೈಜೋಕ್ಟೋನಿಯ ಮೊದಲಾದ ಮಣ್ಣಿನ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳ ಕೆಲಸ. ಒಂದು ಕಡೆ ಶುರುವಾಗಿ ವೃತ್ತದಂತೆ ಹರಡುತ್ತದೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಸುತ್ತಲ ಎರಡು ಬೆರಳು ಮಣ್ಣಿನ ಸಮೇತ ತೆಗೆದು ದೂರ ಹಾಕಿ. ಉಳಿದವನ್ನು ತೆಳುವು ಮಾಡಿ, ಗಾಳಿಯಾಡಲಿ. ದರಗು (ಉದುರಿದ ಒಣ ಎಲೆ) ದಪ್ಪವಾಗಿ ಮುಚ್ಚಿದ್ದರೆ ಸರಿಸಿ. ಮಳೆಗೆ ಅಡ್ಡವಾಗಿ ಬಿದಿರು ಬಗ್ಗಿಸಿ ಪ್ಲಾಸ್ಟಿಕ್ ಹೊದಿಸುವುದಾದರೆ ಎರಡು ಬದಿಯೂ ತೆರೆದಿರಬೇಕು. ಇಷ್ಟರಲ್ಲೇ ಹೆಚ್ಚಿನ ಮಡಿಗಳು ಸುಧಾರಿಸುತ್ತವೆ. ಮುಂದಿನ ಸಲಕ್ಕೆ ಟ್ರೈಕೋಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಒಳ್ಳೆಯದು: 10 ಕೆಜಿ ಹಳೇ ಗೊಬ್ಬರಕ್ಕೆ 100 ಗ್ರಾಂ ಬೆರೆಸಿ, ನೆರಳಲ್ಲಿ ತೇವವಾಗಿಟ್ಟು, ಹದಿನೈದು ದಿನ ಬಿಟ್ಟು ಮಡಿಗೆ ಹಾಕಿ. ನಿಲ್ಲದೇ ಹರಡುತ್ತಿದ್ದರೆ ಮಾತ್ರ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧವನ್ನು ಲೀಟರಿಗೆ 3 ಗ್ರಾಂನಂತೆ ಕಲಸಿ ಬುಡಕ್ಕೆ ಹೊಯ್ಯಬಹುದು. ಎರಡನ್ನೂ ಒಟ್ಟಿಗೆ ಬಳಸಬೇಡಿ, ತಾಮ್ರ ಟ್ರೈಕೋಡರ್ಮಕ್ಕೂ ಹಾನಿ ಮಾಡಬಹುದು. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ನೀರು) ಸೌತೆ ಸಸಿಗೆ ಸುರಿಯುವ ಚಟ ನಮ್ಮ ಕಡೆ ಇದೆ. ಎಳೆ ಬಳ್ಳಿಯ ಎಲೆ ಸುಟ್ಟುಹೋಗುತ್ತದೆ.

ಬುಡ ಕತ್ತರಿಯಿಂದ ಕತ್ತರಿಸಿದಂತಿದ್ದು ತಲೆ ಪಕ್ಕದಲ್ಲೇ ಬಿದ್ದಿದ್ದರೆ ಕತ್ತರಿ ಹುಳು. ಬುಡದ ಸುತ್ತ ಎರಡು ಇಂಚು ಮಣ್ಣು ಕೆದರಿದರೆ ಬೂದು ಬಣ್ಣದ ಹುಳು ಸುರುಳಿ ಸುತ್ತಿ ಮಲಗಿರುತ್ತದೆ. ಅಡಿಕೆ ಹಾಳೆಯ ತುಂಡಿನಿಂದ ಬಳೆಯಂತೆ ಮಾಡಿ ಸಸಿಯ ಸುತ್ತ ಊರಿದರೆ ಸಾಕು.

ಎಲೆಯಲ್ಲಿ ತೂತು, ಮಣ್ಣಿನ ಮೇಲೆ ಬೆಳ್ಳಿ ಗೆರೆಯಂಥ ಲೋಳೆ ಕಂಡರೆ ಬಸವನಹುಳು ಅಥವಾ ಸಿಂಬಳದ ಹುಳು. ಸಂಜೆ ಒದ್ದೆ ಗೋಣಿಚೀಲವನ್ನು ಮಡಿಯ ಪಕ್ಕ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಗೋಣಿ ಮಗುಚಿದರೆ ಎಲ್ಲ ಅಲ್ಲೇ ಸಿಗುತ್ತವೆ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಡಿಗೆ ಎರಚಬೇಡಿ, ಹುಳದ ಜೊತೆ ಮಣ್ಣೂ ಹಾಳಾಗುತ್ತದೆ. ಅಂಗೈಯಗಲದ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳಿನ ಸೋಂಕು ತರುವ ಪರೋಪಜೀವಿ ಅದರಲ್ಲಿರಬಹುದು. ಅಂಗಡಿಯ ವಿಷದ ಗುಳಿಗೆ ನಾಯಿಗೂ ವಿಷವೇ.

ಸಸಿ ಬದುಕಿದೆ, ಆದರೆ ಹಳದಿ

ಕೆಳಗಿನ ಹಳೆ ಎಲೆಗಳಿಂದ ಹಳದಿ ಏರುತ್ತಿದ್ದರೆ ಸಾರಜನಕ ಮಳೆಗೆ ತೊಳೆದುಹೋಗಿದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಬೇರಿಗೆ ಕಬ್ಬಿಣ ಎಳೆದುಕೊಳ್ಳಲು ಆಗುತ್ತಿಲ್ಲ. ಯಾವುದಾದರೂ ಒಂದು ಸಸಿ ಕಿತ್ತು ಬೇರು ನೋಡಿ. ಬಿಳಿಯಾಗಿ ಗಟ್ಟಿಯಿದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರ ಬೆರೆಸಿ ಬುಡಕ್ಕೆ ಕೊಡಿ, ವಾರದಲ್ಲಿ ಬಣ್ಣ ತಿರುಗುತ್ತದೆ. ಕಂದಾಗಿ ಸಿಪ್ಪೆ ಜಾರಿದರೆ ಮೇಲಿನ ನೀರಿನ ವಿಷಯಕ್ಕೆ ಹಿಂತಿರುಗಿ. ನೀರು ನಿಂತ ಮಡಿಗೆ ಯೂರಿಯ ಹಾಕುವುದು ದುಡ್ಡನ್ನು ಕಾಲುವೆಗೆ ಎಸೆದಂತೆ, ಅರ್ಧ ಹರಿದುಹೋಗುತ್ತದೆ, ಇನ್ನರ್ಧ ಗಾಳಿಗೆ ಹಾರುತ್ತದೆ.

ಕೊಟ್ಟೆಯ ಸಸಿ ಸಪೂರ ಬೆಳೆದು ಬಾಗಿದೆ

ಬೆಳಕು ಸಾಲದು, ಅಷ್ಟೇ. ಮೋಡದ ದಿನಗಳಲ್ಲಿ ಜಗಲಿಯ ಒಳಮೂಲೆ ಅವಕ್ಕೆ ಕತ್ತಲೆ. ಮಳೆ ಬಿಟ್ಟಾಗಲೆಲ್ಲ ಹೊರಗಿಡಿ. ಸೌತೆ, ಹೀರೆಯ ಸಪೂರ ಸಸಿಯನ್ನು ಆಳಕ್ಕೆ ಹೂತು ಸರಿಪಡಿಸಲು ಹೋಗಬೇಡಿ, ಕಾಂಡ ಕೊಳೆಯುತ್ತದೆ. ಟೊಮೇಟೊ ಮಾತ್ರ ಅದನ್ನು ತಾಳುತ್ತದೆ.

ಇವು ಕಂಡರೆ ಹಿತ್ತಲು ಬಿಟ್ಟು ಒಳಗೆ ಬನ್ನಿ

ಗುಡುಗು ಕೇಳಿದರೆ ಕೈಲಿದ್ದ ಹಾರೆ ಅಲ್ಲೇ ಬಿಟ್ಟು ಮನೆಯೊಳಗೆ. ಮರದಡಿ ನಿಲ್ಲಬೇಡಿ. ಮುಂಗಾರಿಗೆ ಮುಂಚಿನ ಮಳೆಯಲ್ಲೇ ನಮ್ಮಲ್ಲಿ ಸಿಡಿಲು ಜಾಸ್ತಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆದ ಮೇಲೆ ಹೊರಗೆ ಹೋಗಿ.

ಪಂಪಿನ ಸ್ಟಾರ್ಟರ್ ಒದ್ದೆಯಾಗಿದ್ದರೆ, ತಂತಿ ನೀರಿಗೆ ಬಿದ್ದಿದ್ದರೆ ಮುಟ್ಟಬೇಡಿ, ಲೈನ್‌ಮನ್ ಕರೆಯಿರಿ. ದರಗಿನ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ. ಹಾವು ಕಚ್ಚಿದರೆ ಕಟ್ಟು ಕೊಯ್ತ ಏನೂ ಬೇಡ, ನೇರ ಆಸ್ಪತ್ರೆಗೆ, 108ಕ್ಕೆ ಕರೆ ಮಾಡಿ.

ಕಾಲಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯುವಾಗ ಗಂಬೂಟು ಹಾಕಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರ ಆಗಿರಬಹುದು. ಮನೆಯ ಗುಳಿಗೆ ನುಂಗಿ ಕೂರದೆ ವೈದ್ಯರ ಹತ್ತಿರ ಹೋಗಿ, ಕೆಸರಲ್ಲಿ ಕೆಲಸ ಮಾಡಿದ್ದೆ ಎಂದು ನೀವಾಗಿಯೇ ಹೇಳಿ. ಶೌಚದ ಗುಂಡಿ ಉಕ್ಕಿ ಮಡಿಗೆ ಹರಿದಿದ್ದರೆ ಅಲ್ಲಿನ ಸೊಪ್ಪು ಈ ಸಲ ಬೇಡ.

ಎರಡು ಸಲ ಸರಿಪಡಿಸಿದರೂ ಸಸಿ ಸಾಯುತ್ತಿದ್ದರೆ ಬೇರು ಮಣ್ಣು ಸಮೇತ ಎರಡು ಸಸಿಯನ್ನು ಕಾಗದದಲ್ಲಿ ಸುತ್ತಿ (ಪ್ಲಾಸ್ಟಿಕ್ ಚೀಲದಲ್ಲಿ ದಾರಿಯಲ್ಲೇ ಕೊಳೆಯುತ್ತದೆ) ತೋಟಗಾರಿಕೆ ಇಲಾಖೆಯ ಕಚೇರಿಗೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಕೇಳಬಹುದು.

ಆರಿದ್ರೆ ಬಂತು, ಇನ್ನೂ ಏನೂ ಹಾಕಿಲ್ಲ

ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎನ್ನುತ್ತಾರೆ. ಜೂನ್ 22ರ ಸುಮಾರಿಗೆ ಅದು ಹುಟ್ಟಿದ ಮೇಲೆ ಮಲೆನಾಡಲ್ಲಿ ಸೌತೆ, ಹೀರೆಗೆ ಹಟ ಹಿಡಿಯಬೇಡಿ. ಹಾಕಿದ ಬಳ್ಳಿ ಬದುಕಿದರೂ ಜಡಿಮಳೆಗೆ ಜೇನು ಹಾರುವುದಿಲ್ಲ, ಹೂವು ಕಾಯಿ ಕಚ್ಚದೆ ಕೊಳೆಯುತ್ತದೆ. ಈಗಾಗಲೇ ಬಳ್ಳಿ ಇದ್ದವರು ಮಳೆ ಬಿಟ್ಟ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸಿದರೆ ನಾಲ್ಕು ಕಾಯಿಯಾದರೂ ಸಿಗುತ್ತದೆ.

ಈ ಹೊತ್ತಿಗೆ ಬೀಜಕ್ಕಿಂತ ತುಂಡು ಮೇಲು. ಬಸಳೆ, ತೊಂಡೆ, ಚಕ್ರಮುನಿ ಇವುಗಳ ಬಲಿತ ಬಳ್ಳಿ ಅಥವಾ ಗೆಲ್ಲನ್ನು ಎರಡು ಮೂರು ಗೆಣ್ಣಿಟ್ಟು ಕತ್ತರಿಸಿ ಏರುಮಡಿಗೆ ಊರಿ. ಕೆಸು ನೀರು ನಿಂತಲ್ಲೇ ಬರುತ್ತದೆ, ಆಷಾಢಕ್ಕೆ ಪತ್ರೊಡೆಯಾದರೂ ಆಯಿತು. ಟೊಮೇಟೊ, ಹೂಕೋಸಿನ ಯೋಚನೆ ಮಳೆ ಹಿಂದೆಗೆದ ಮೇಲೆ. ಉಡುಪಿ ಹತ್ತಿರದ ಮಟ್ಟುವಿನವರು ತಮ್ಮ ಹೆಸರಾಂತ ಗುಳ್ಳ ಬದನೆಯನ್ನು ಮಳೆಗಾಲದ ಭತ್ತ ಕೊಯ್ದ ಮೇಲೇ ನೆಡುತ್ತಾರೆ.

ಚೌತಿಗೆ ಸ್ವಂತ ಹಿತ್ತಲ ಸೌತೆಯೇ ಬೇಕು ಅನ್ನುವವರು ಹಬ್ಬದಿಂದ ಹಿಂದಕ್ಕೆ ಎಣಿಸಿ. ಬೆಂಡೆ, ಸೌತೆಗೆ 45ರಿಂದ 50 ದಿನ, ಹೀರೆಗೆ 60, ಹರಿವೆಗೆ 30 ದಿನ ಬೇಕು, ಮೋಡದ ದಿನಗಳಿಗೆಂದು ಇನ್ನೊಂದು ವಾರ ಸೇರಿಸಿ. ಲೆಕ್ಕ ತಪ್ಪಿದರೆ ಹರಿವೆಯಿಂದ ಸಮಾಧಾನ ಪಟ್ಟುಕೊಳ್ಳಿ. ಬಳ್ಳಿ ತರಕಾರಿಯ ಬೀಜವನ್ನು ಜುಲೈ ಕೊನೆಗೆ ಮತ್ತೆ ಕೊಟ್ಟೆಗೆ ಹಾಕಿದರೆ ಮಘೆ ಮಳೆಯ ಹೊಳವಿಗೆ ನೆಲಕ್ಕಿಳಿಸಬಹುದು, ದೀಪಾವಳಿಯ ಹೊತ್ತಿಗೆ ಕಾಯಿ. ಅದಕ್ಕೆಂದೇ ಈಗ ಇರುವ ಬೀಜದಲ್ಲಿ ಅರ್ಧವನ್ನು ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಇರುಚಲು ತಾಗದ ಕಪಾಟಿನಲ್ಲಿಡಿ. ಒಲೆ ಇದ್ದ ಮನೆಯಾದರೆ ಒಲೆಯ ಮೇಲಿನ ಅಟ್ಟ ಇನ್ನೂ ಒಳ್ಳೆಯದು.